ಅವ್ವ ಸಹಿ ಹಾಕಿದ ಮತಪತ್ರ

ನಮ್ಮಪ್ಪನ ಎಡಗೈ ತೋರುಬೆರಳು ಕೊನೆಯ ಗೆಣ್ಣಿನಲ್ಲಿ ಸೊಟ್ಟಗಾಗಿತ್ತು. ಗುದ್ದಲಿ ಹಿಡಿದರೆ ಆ ಒಂದು ಬೆರಳು ಮಾತ್ರ ಕಾವಿನಿಂದ ಹೊರಗೆ ನಿಲ್ಲುತ್ತಿತ್ತು. ಅದು ನಾನು ಹುಟ್ಟುವ ಮೊದಲಿನ ಕಥೆ. ದೇವದುರ್ಗದ ನಮ್ಮ ಓಣಿಯಲ್ಲಿ ಆಗ ಓಟಿನ ದಿನ ಒಂದು ಪದ್ಧತಿ ಇತ್ತು. ಅಧಿಕಾರಿ ಕೊಟ್ಟ ಚೀಟಿಯನ್ನು ಮರೆಗೆ ಒಯ್ಯುವಂತಿರಲಿಲ್ಲ. ಬಾಗಿಲ ಹತ್ತಿರ ನಿಂತಿರುತ್ತಿದ್ದ ಓಣಿಯ ಹಿರಿಯನ ಕೈಗೆ ಕೊಡಬೇಕು, ಅವನು ಮುದ್ರೆ ಒತ್ತಿ ಮಡಚಿ ಕೊಟ್ಟದ್ದನ್ನು ಪೆಟ್ಟಿಗೆಯಲ್ಲಿ ಹಾಕಿ ಮನೆಗೆ ಬರಬೇಕು. ಅಪ್ಪ ಒಂದು ಸಲ ಕೊಡಲಿಲ್ಲ. ತಾನೇ ಒತ್ತಿದ, ತಾನೇ ಹಾಕಿದ. ಹೊತ್ತು ಮುಳುಗುವ ಮೊದಲೇ ನಾಲ್ಕು ಜನ ಮನೆಗೆ ಬಂದು, ಮಸಿ ಹಚ್ಚಿದ ಆ ಬೆರಳನ್ನು ನಮ್ಮದೇ ಒರಳಿನ ಅಂಚಿಗೆ ಇಟ್ಟು, ನಮ್ಮದೇ ಗುಂಡುಕಲ್ಲಿನಿಂದ ಜಜ್ಜಿದರು. ಕೂಗದಂತೆ ಬಾಯಿಗೆ ಟವೆಲ್ ತುರುಕಿದ್ದರಂತೆ. ಅಣ್ಣನನ್ನು ಬಗಲಲ್ಲಿ ಎತ್ತಿಕೊಂಡು ಅವ್ವ ಒಲೆಯ ಹತ್ತಿರ ನಿಂತು ಎಲ್ಲ ನೋಡಿದ್ದಳು. ಆ ಒರಳು ಈಗಲೂ ನಮ್ಮ ಅಂಗಳದಲ್ಲಿದೆ. ಅದರಲ್ಲೇ ಅವ್ವ ಖಾರ ಕುಟ್ಟುತ್ತಾಳೆ.

ಆಮೇಲೆ ಮತಯಂತ್ರ ಬಂತು. ಗುಂಡಿ ಒತ್ತಿದರೆ ಪೀಂ ಅನ್ನುತ್ತದೆ, ಕಸಿದುಕೊಳ್ಳಲು ಕೈಯಲ್ಲಿ ಏನೂ ಇರುವುದಿಲ್ಲ. ಹಳೆಯ ಹಿರಿಯ ಸತ್ತು ಅವನ ಮಗ ಹಿರಿಯನಾದ. ಅವನು ಬೇರೆ ದಾರಿ ಹುಡುಕಿಕೊಂಡ. ಓಟಿನ ಹಿಂದಿನ ದಿನ ದೇವಿಯ ಗುಡಿಯ ಕಟ್ಟೆಗೆ ಮನೆಗೊಬ್ಬ ಗಂಡಸು ಬರಬೇಕು, ತಟ್ಟೆಯಲ್ಲಿನ ಭಂಡಾರ, ಅಂದರೆ ದೇವಿಯ ಅರಿಸಿನ ಪುಡಿ, ಮುಟ್ಟಿ ಇಡೀ ಮನೆಯ ಓಟು ಇಂಥವರಿಗೆ ಎಂದು ಆಣೆ ಮಾಡಬೇಕು. ಮುಟ್ಟಿದವನ ಕೈ ಹಳದಿಯಾಗುತ್ತದೆ, ಮನೆಯವರು ಅದನ್ನು ನೋಡುತ್ತಾರೆ, ಅಷ್ಟೇ. ನಮ್ಮ ಮನೆಯಿಂದ ಅಪ್ಪ ತೀರಿಕೊಂಡ ಮೇಲೆ ಅಣ್ಣ ಹೋಗುತ್ತಿದ್ದ. ಅಣ್ಣ ಆಟೋ ಓಡಿಸುತ್ತಾನೆ, ಅವನ ಆಟೋ ನಿಲ್ಲುವುದು ಹಿರಿಯನ ಅಂಗಡಿಯ ಮುಂದೆ. ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ.

ನಾನು ಓಣಿಯ ಮೊದಲ ಪದವೀಧರ. ಇದನ್ನು ಹೇಳಲು ನನಗೆ ಸಂಕೋಚವಿಲ್ಲ. ರಾಯಚೂರಿನಲ್ಲಿ ಹಾಸ್ಟೆಲಿನ ತಿಳಿಸಾರು ಉಂಡು, ಬೆಳಗಿನ ಜಾವ ಅಕ್ಕಿ ಗಿರಣಿಯಲ್ಲಿ ಚೀಲದ ಬಾಯಿ ಹೊಲಿದು, ಕೂದಲಿಗೆ ಅಂಟಿದ ತೌಡನ್ನು ಕಾಲೇಜಿನ ನಳದಲ್ಲಿ ತೊಳೆದುಕೊಂಡು ತರಗತಿಗೆ ಹೋಗಿ ಬಿ.ಎ. ಮಾಡಿದೆ, ಬಿ.ಇಡಿ. ಮಾಡಿದೆ. ಈಗ ಹಿರೇಕೊಟ್ನೆಕಲ್ಲಿನ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ, ಮಾನ್ವಿಯಲ್ಲಿ ಬಾಡಿಗೆ ಮನೆ.

ನೌಕರಿ ಸಿಕ್ಕ ವರ್ಷದ ಬೇಸಿಗೆ ರಜೆಯಲ್ಲಿ ಅವ್ವನಿಗೆ ಅವಳ ಹೆಸರು ಬರೆಯಲು ಕಲಿಸಿದೆ. ಮೂರೇ ಅಕ್ಷರ. ನೆಲಕ್ಕೆ ಒಲೆಯ ಬೂದಿ ಹರಡಿ, ಬೆರಳು ಹಿಡಿದು ತಿದ್ದಿಸಿದೆ. ಮೆಣಸಿನಕಾಯಿ ಬಿಡಿಸಿ ಬಿರಿದ ಬೆರಳಿಗೆ ಬೂದಿ ಉರಿಯುತ್ತಿತ್ತು. ಕೈ ಒದರಿ ಮತ್ತೆ ಇಡುತ್ತಿದ್ದಳು. ಎರಡನೆಯ ಅಕ್ಷರದ ಕೊಂಬು ಅವಳಿಗೆ ಹದಿನೈದು ದಿನ ಸಿಗಲಿಲ್ಲ. ಸಿಕ್ಕ ದಿನ ಅಂಗಳದ ತುಂಬ ಬರೆದಳು, ಅದನ್ನು ದಾಟಲು ಯಾರನ್ನೂ ಬಿಡಲಿಲ್ಲ. ನಾನು ಒಂದು ನೀಲಿ ಪೆನ್ನು ಕೊಟ್ಟೆ. ಅದನ್ನು ಎಲೆ ಅಡಿಕೆಯ ಸಂಚಿಯಲ್ಲಿ ಇಟ್ಟುಕೊಂಡಳು. ಪಿಂಚಣಿ ಕಚೇರಿಯ ಗುಮಾಸ್ತ ರೂಢಿಯಂತೆ ಮಸಿಯ ಪ್ಯಾಡ್ ಮುಂದೆ ತಳ್ಳಿದರೆ ಅವ್ವ ಸಂಚಿ ಬಿಚ್ಚಿ ಪೆನ್ನು ತೆಗೆದು, ಪ್ಯಾಡ್ ಆ ಕಡಿ ಇಡ್ರಿ ಅನ್ನುತ್ತಿದ್ದಳು. ಬ್ಯಾಂಕಿನಲ್ಲಿ ಹಾಗೆಯೇ, ರೇಷನ್ ಅಂಗಡಿಯಲ್ಲಿ ಹಾಗೆಯೇ. ಸಹಿ ಇಲ್ಲದ ಕಾಗದಕ್ಕೆ ಕಚೇರಿಯಲ್ಲಿ ಕಿಮ್ಮತ್ತಿಲ್ಲ, ಯಾರು ಯಾವ ಕಾಗದ ಕೊಟ್ಟರೂ ಸಹಿ ಮಾಡಿಯೇ ಕೊಡು ಎಂದು ಹೇಳಿಕೊಟ್ಟವನು ನಾನು. ಮಾಸ್ತರ ಹೇಳಿದ್ದನ್ನು ಮಕ್ಕಳು ಮರೆಯುತ್ತಾರೆ, ಅವ್ವ ಮರೆಯಲಿಲ್ಲ.

ಈ ಸಲ ಕಾಯ್ದೆ ಬದಲಾಯಿತು. ಊರಿನ ಆಡಳಿತ ಸಂಸ್ಥೆಗಳ ಚುನಾವಣೆಗೆ ಯಂತ್ರ ಬೇಡ, ಮತ್ತೆ ಮತಪತ್ರ ಎಂದು ಸರಕಾರ ಹೇಳಿತು. ಮತದಾರರ ಪಟ್ಟಿಯನ್ನೂ ಮತ್ತೊಮ್ಮೆ ಪರಿಶೀಲಿಸಿದರು. ನನ್ನನ್ನು ತರಬೇತಿ ಕೊಡುವವರ ಪಟ್ಟಿಗೆ ಸೇರಿಸಿ ರಾಯಚೂರಿಗೆ ಕರೆಸಿದರು. ಒಂದು ದೊಡ್ಡ ಸಭಾಂಗಣ, ಮೇಲೆ ಗರಗರ ಫ್ಯಾನು, ಕೆಳಗೆ ಮತಪೆಟ್ಟಿಗೆಯನ್ನು ಹುಟ್ಟಿದಾಗಿನಿಂದ ನೋಡದ ಹುಡುಗ ಹುಡುಗಿಯರು. ಅರಗು ಕಾಯಿಸಿ ಮುದ್ರೆ ಹಾಕುವುದು, ಮಸಿ ಇನ್ನೊಂದು ಚಿಹ್ನೆಗೆ ಹತ್ತದಂತೆ ಮತಪತ್ರವನ್ನು ಮೊದಲು ಉದ್ದಕ್ಕೆ ಮಡಚುವುದು, ಪುಸ್ತಕದಲ್ಲೇ ಉಳಿಯುವ ತುಂಡಿನ ಮೇಲೆ ಮತದಾರನ ಸಹಿ ಇಲ್ಲವೇ ಹೆಬ್ಬೆಟ್ಟು ತೆಗೆದುಕೊಂಡು ಆಮೇಲೆ ಮತಪತ್ರ ಹರಿದುಕೊಡುವುದು, ಎಲ್ಲ ತೋರಿಸಿದೆ. ತಿರಸ್ಕಾರದ ನಿಯಮಕ್ಕೆ ಬಂದಾಗ ದನಿ ಎತ್ತರಿಸಿ ಓದಿದೆ. ಇಂಥವನೇ ಹಾಕಿದ್ದು ಎಂದು ಗುರುತು ಸಿಗುವ ಯಾವ ಬರಹ ಇದ್ದರೂ, ಸಹಿ ಇದ್ದರೂ, ಆ ಮತ ಲೆಕ್ಕಕ್ಕಿಲ್ಲ.

ಹಿಂದಿನ ಸಾಲಿನಿಂದ ಒಬ್ಬ ಎದ್ದು ಕೇಳಿದ. "ಓಟಿನ ಚೀಟಿ ಮ್ಯಾಲ ಸೈ ಮಾಡೋವಷ್ಟು ಹುಚ್ಚರು ಯಾರ ಇರ್ತಾರ್ರೀ ಸರ್?"

ಇಡೀ ಸಭಾಂಗಣ ನಕ್ಕಿತು. ನಾನೂ ನಕ್ಕೆ. ಆಮೇಲೆಯೂ ನಾನು ತರಬೇತಿಗೆ ಹೋಗಿದ್ದೇನೆ, ಅದೇ ಪ್ರಶ್ನೆ ಬಂದಿದೆ. ಈಗ ನಗುವುದಿಲ್ಲ. ಮತಪತ್ರ ಕೊಡುವಾಗ ಒಂದು ಮಾತು ಬಾಯಿಬಿಟ್ಟು ಹೇಳಿ, ಇದರ ಮೇಲೆ ಸಹಿ ಮಾಡಬೇಡಿ ಅಂತ, ಎಂದು ಸೇರಿಸುತ್ತೇನೆ. ಕೈಪಿಡಿಯಲ್ಲಿ ಅದು ಇಲ್ಲ.

ನಮ್ಮ ವಾರ್ಡು ಮಹಿಳೆಯರಿಗೆ ಮೀಸಲಾಗಿತ್ತು. ಹಿರಿಯ ತನ್ನ ಸೊಸೆಯನ್ನು ನಿಲ್ಲಿಸಿದ. ಪೋಸ್ಟರಿನಲ್ಲಿ ಅವನ ಫೋಟೊ ಮೊರದಷ್ಟು, ಮೂಲೆಯಲ್ಲಿ ಸೊಸೆಯದು ಪಾಸ್‌ಬುಕ್ಕಿನಲ್ಲಿ ಅಂಟಿಸುವಷ್ಟು. ಎದುರಿಗೆ ನಿಂತವಳು ಪಕ್ಕದ ಓಣಿಯ ಕೂಲಿ ಹೆಂಗಸು. ಭತ್ತ ನಾಟಿಗೂ ಹತ್ತಿ ಬಿಡಿಸಲಿಕ್ಕೂ ಹೆಂಗಸರ ಗುಂಪು ಕಟ್ಟಿಕೊಂಡು ಹೋಗುತ್ತಿದ್ದಳು, ಅವ್ವನೂ ಆ ಗುಂಪಿನಲ್ಲಿ ವರ್ಷಗಟ್ಟಲೆ ದುಡಿದವಳು. ಆ ಕೂಲಿ ಹೆಂಗಸಿಗೆ ಹೊಲಿಗೆ ಯಂತ್ರದ ಗುರುತು ಸಿಕ್ಕಿತ್ತು. ಪ್ರಚಾರಕ್ಕೆ ನಮ್ಮ ಓಣಿಗೆ ಬಂದ ದಿನ ಹಿರಿಯನ ಕಡೆಯವರು ಅವಳ ಮೈಮೇಲೆ ಚರಂಡಿಯ ನೀರು ಎರಚಿದರು, ಜೊತೆಗೆ ಬಂದ ಹೆಂಗಸಿನ ಕೂದಲು ಹಿಡಿದು ರಸ್ತೆಯ ತುದಿಯವರೆಗೆ ಎಳೆದೊಯ್ದರು. ಓಟಿಗೆ ನಿಂತಾಕೆ ಮರುದಿನ ಒಬ್ಬಳೇ ಮತ್ತೆ ಬಂದಳಂತೆ. ಹಿರಿಯ ಕಟ್ಟೆಯ ಮೇಲೆ ಕೂತು, ಈ ಸಲ ಯಂತ್ರ ಅಲ್ಲ, ಕಾಗದ, ಕಾಗದ ಕೈಗೆ ಸಿಗ್ತದ, ಯಾರದು ಏನು ಅಂತ ನನಗ ಗೊತ್ತಾಗ್ತದ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ್ದ. ಅದು ಬರೀ ಬೆದರಿಕೆಯಾಗಿತ್ತು. ಅದನ್ನು ನಿಜ ಮಾಡುವವಳು ನಮ್ಮ ಮನೆಯಲ್ಲೇ ಇದ್ದಾಳೆ ಎಂದು ಅವನಿಗೂ ಗೊತ್ತಿರಲಿಲ್ಲ. ಅಣ್ಣ ಹೋಗಿ ಭಂಡಾರ ಮುಟ್ಟಿ ಬಂದ.

ಮತದಾನದ ದಿನ ನನಗೆ ಮಾನ್ವಿಯಲ್ಲಿ ಕೆಲಸ. ಮಧ್ಯಾಹ್ನ ಅವ್ವ ಫೋನ್ ಮಾಡಿದಳು. ಓಟು ಹಾಕಿ ಬಂದೆ ಎಂದಳು. ಮೇಜಿನ ಮೇಲಿದ್ದ ಪ್ಯಾಡ್ ಮುಟ್ಟಲಿಲ್ಲವಂತೆ, ತನ್ನ ಪೆನ್ನಿನಿಂದಲೇ ಸಹಿ ಮಾಡಿದಳಂತೆ. ಶಾಣ್ಯಾಕಿ ಬೇ ನೀ ಅಂದೆ. ಪುಸ್ತಕದ ತುಂಡಿನ ಮೇಲೆ ಮಾಡಿದ್ದಾಳೆ ಎಂದುಕೊಂಡೆ. ಅದೂ ನಿಜವೇ. ಆದರೆ ಅಲ್ಲಿ ಮಾಡಿ, ಚೀಟಿ ಹಿಡಿದು ಮರೆಗೆ ಹೋಗಿ, ಹೊಲಿಗೆ ಯಂತ್ರದ ಮೇಲೆ ಮುದ್ರೆ ಒತ್ತಿ, ಅದರ ಕೆಳಗೆ ಇನ್ನೊಮ್ಮೆ ಮಾಡಿದ್ದಳು. ಕಾಗದ ತನ್ನದು ಎಂದು ಹೇಳಬೇಕಲ್ಲ, ಇಲ್ಲದಿದ್ದರೆ ಹರಿದು ಒಗೆಯುತ್ತಾರಲ್ಲ.

ಎಣಿಕೆಯ ದಿನ ನಾನು ದೇವದುರ್ಗದ ಮನೆಯಲ್ಲಿದ್ದೆ. ಅಣ್ಣ ಹಿರಿಯನ ಕಡೆಯಿಂದ ಎಣಿಕೆಯ ಏಜೆಂಟನಾಗಿ ಹೋಗಿದ್ದ. ಹನ್ನೊಂದರ ಹೊತ್ತಿಗೆ ಅವನ ಆಟೋ ಓಣಿಯಲ್ಲಿ ಬಂದು ಗೋಡೆಗೆ ಗುದ್ದಿ ನಿಂತಿತು. ಒಳಗೆ ಬಂದವನೇ ಅವ್ವನ ಮುಖ ನೋಡಿದ. ನಾನು ಹೊರಗೆ ಕರೆದು ಕೇಳಿದಾಗ ಹೇಳಿದ. ಅಧಿಕಾರಿ ಸಂಶಯದ ಮತಪತ್ರಗಳನ್ನು ಒಂದೊಂದಾಗಿ ಏಜೆಂಟರಿಗೆ ತೋರಿಸುತ್ತಿದ್ದರಂತೆ. ಒಂದನ್ನು ಎತ್ತಿ ಹಿಡಿದರು. ನೀಲಿ ಮಸಿಯ ಮೂರು ಅಕ್ಷರ. ಕೊಂಬು ನೋಡಿದ ಕೂಡಲೇ ಅಣ್ಣನಿಗೆ ಗೊತ್ತಾಯಿತು. ಅವನು ಕೆಳಗೆ ನೋಡಿದ. ಪಕ್ಕದಲ್ಲೇ ನಿಂತಿದ್ದ ಹಿರಿಯ ಕನ್ನಡಕ ಏರಿಸಿಕೊಂಡು ಆ ಹೆಸರನ್ನು ಜೋರಾಗಿ ಓದಿದ. ಓದಿ ಅಣ್ಣನನ್ನೇ ನೋಡಿದ. ನಮ್ಮ ಭಾಗದ ಪಟ್ಟಿಯಲ್ಲಿ ಆ ಹೆಸರಿನ ಹೆಂಗಸು ಇನ್ನೊಬ್ಬಳಿಲ್ಲ.

"ಸೊಸಿ ಗೆದ್ದಾಳ," ಅಂದ ಅಣ್ಣ. "ಭಾಳ ಓಟಿಲೆ ಗೆದ್ದಾಳ. ಆದರೂ ಬರಾಕತ್ತಾರ."

ಕೂಲಿ ಹೆಂಗಸು ಹತ್ತಿರಕ್ಕೂ ಬಂದಿರಲಿಲ್ಲ. ಅವ್ವನ ಓಟು ಸೇರಿದ್ದರೂ ಏನೂ ಆಗುತ್ತಿರಲಿಲ್ಲ. ಸೋತವರು ಹೊಡೆಯುವುದನ್ನು ನಾನು ಕೇಳಿದ್ದೆ. ಗೆದ್ದವರು ಒಂದು ಓಟಿಗಾಗಿ ಬಡಿಗೆ ಹಿಡಿದು ಬರುವುದನ್ನು ಅಂದು ನೋಡಿದೆ. ಹಿರಿಯನ ಲೆಕ್ಕ ಬೇರೆ. ಒಬ್ಬ ಮುದುಕಿ ಆಣೆ ಮೀರಿ ಸುಮ್ಮನೆ ಉಳಿದರೆ ಮುಂದಿನ ಸಲ ಭಂಡಾರದ ತಟ್ಟೆಗೆ ಯಾರು ಬರುತ್ತಾರೆ?

ನಾನು ಒಳಗೆ ಹೋಗಿ ಅವ್ವನಿಗೆ ಹೇಳಿಕೊಟ್ಟೆ. ಅದು ನನ್ನದಲ್ಲ ಅನ್ನು. ಯಾರೋ ದ್ವೇಷಕ್ಕೆ ನನ್ನ ಹೆಸರು ಗೀಚಿದ್ದಾರೆ ಅನ್ನು. ಮೂರು ಅಕ್ಷರ ಯಾರು ಬೇಕಾದರೂ ಬರೆಯಬಹುದು. ಯಾರಿಗೆ ಹಾಕಿದೆ ಎಂದು ಕೇಳುವ ಹಕ್ಕು ಕಾಯ್ದೆಯಲ್ಲಿ ಯಾರಿಗೂ ಇಲ್ಲ. ಹೀಗೆ ಪಾಠ ಒಪ್ಪಿಸಿದಂತೆ ಹೇಳುತ್ತಿದ್ದೆ. ಅವ್ವ ಅದನ್ನು ಕೇಳಲೇ ಇಲ್ಲ. ಅವಳ ಮನಸ್ಸು ಬೇರೊಂದು ಮಾತಿನ ಮೇಲೆ ನಿಂತುಬಿಟ್ಟಿತ್ತು.

"ಅಂದ್ರ ನನ್ನ ಓಟು ಹೋತೇನು?"

"ಹೋತು."

"ಸೈ ಮಾಡಿದ್ದಕ್ಕ?"

"ಹೂಂ ಬೇ."

"ನೀನಽ ಹೇಳಿದ್ದಿ," ಅಂದಳು. ಬೈಗುಳದಂತೆ ಅಲ್ಲ, ನನಗೆ ನೆನಪು ಮಾಡಿಕೊಡುವಂತೆ.

ಅಷ್ಟರಲ್ಲಿ ಪಟಾಕಿಯ ಸದ್ದು ಓಣಿಯ ತಿರುವಿಗೆ ಬಂತು. ಹಲಗೆ ಬಾರಿಸುತ್ತಿದ್ದರು. ಮೊದಲ ಕಲ್ಲು ತಗಡಿನ ಮೇಲೆ ಬಿತ್ತು, ಎರಡನೆಯದು ಆಟೋದ ಮುಂದಿನ ಗಾಜಿಗೆ. ಯಾರೋ ನಳದ ಪೈಪು ಮುರಿದರು, ನೀರು ಚಿಮ್ಮಿ ಗುಲಾಲಿನ ಜೊತೆ ಸೇರಿ ಅಂಗಳವೆಲ್ಲ ಕೆಂಪಾಯಿತು. ನಾನು ಬಾಗಿಲಲ್ಲಿ ಅಡ್ಡ ನಿಂತೆ. ನಾನು ಸರಕಾರಿ ನೌಕರ ಅಂದೆ. ಮಾತು ಮುಗಿಯುವ ಮೊದಲು ಒಬ್ಬ ಕಪಾಳಕ್ಕೆ ಬಾರಿಸಿದ, ಇನ್ನೊಬ್ಬ ಹೊಟ್ಟೆಗೆ ಒದ್ದ. ಒದ್ದವನು ನನ್ನ ಜೊತೆ ನಾಲ್ಕನೆಯ ಇಯತ್ತೆಯವರೆಗೆ ಓದಿದವನು. ನಾನು ಬಗ್ಗಿದಾಗ ಬೆನ್ನಿನ ಮೇಲೆ ಬಡಿಗೆ ಬಿತ್ತು. ಬಾಯಲ್ಲಿ ಹಲ್ಲಿನ ಚೂರು ಆಡುತ್ತಿತ್ತು, ಉಗುಳಲು ಕೂಡ ಬಿಡದೆ ಕೊರಳಪಟ್ಟಿ ಹಿಡಿದು ಎಬ್ಬಿಸಿದರು. ಅಣ್ಣನ ತಲೆಯನ್ನು ಅವನದೇ ಆಟೋದ ಕಂಬಿಗೆ ಮೂರು ಸಲ ಬಡಿದರು. ಹುಬ್ಬು ಸೀಳಿ ಒಂದು ಕಣ್ಣು ರಕ್ತದಿಂದ ಮುಚ್ಚಿಹೋಯಿತು. ಓಣಿಯವರೆಲ್ಲ ತಮ್ಮ ತಮ್ಮ ಬಾಗಿಲಲ್ಲಿ ನಿಂತಿದ್ದರು.

ಹಿರಿಯ ಕೈ ಎತ್ತಿದ, ಹಲಗೆ ನಿಂತಿತು. ಅವನ ಹಿಂದೆ ಒಬ್ಬ ಭಂಡಾರದ ತಟ್ಟೆ ಹಿಡಿದಿದ್ದ. ನನಗೆ ಆಶ್ಚರ್ಯವಾದದ್ದು ಆಗ. ನಾನು ಹೇಳಿಕೊಟ್ಟ ಸುಳ್ಳನ್ನೇ ಅವನೂ ತಂದಿದ್ದ.

"ಯವ್ವಾ, ನೀ ಹಿರ್ಯಾಕಿ," ಅಂದ. "ಇದನ್ನ ಮುಟ್ಟು. ಆ ಚೀಟಿ ನಂದಲ್ಲ ಅನ್ನು. ನಾವು ಹೋಗ್ತೀವಿ."

ಅವ್ವ ತಟ್ಟೆ ನೋಡಿದಳು. ನನ್ನನ್ನು ನೋಡಿದಳು. ನಾನು ತಲೆ ಅಲ್ಲಾಡಿಸಿದೆ, ಮುಟ್ಟು ಎಂದು. ಪದವಿ ಮಾಡಿದ ನಾನು, ಗುಪ್ತ ಮತದಾನದ ಬಗ್ಗೆ ಸಭಾಂಗಣದಲ್ಲಿ ಭಾಷಣ ಮಾಡಿದ ನಾನು, ರಕ್ತ ನುಂಗುತ್ತಾ ಮುಟ್ಟು ಎಂದು ತಲೆ ಅಲ್ಲಾಡಿಸಿದೆ.

"ನಂದಽ ಅದು," ಅಂದಳು ಅವ್ವ. "ನಾನಽ ಬರದೀನಿ. ಮನಿಗೆ ಬಂದು ನನ್ನ ಓಟು ಕೇಳಿದಾಕಿ ಆಕಿ ಒಬ್ಬಾಕಿ. ನೀವು ಇಷ್ಟು ವರ್ಷ ನನ್ನ ಗಂಡನ್ನ ಕೇಳಿದಿರಿ, ಮಗನ್ನ ಕೇಳಿದಿರಿ. ನನ್ನ ಯಾವಾಗ ಕೇಳೀರಿ?"

ಹಿರಿಯ ಅಣ್ಣನ ಕಡೆ ತಿರುಗಿದ. ಭಂಡಾರ ಮುಟ್ಟಿದವನು ನೀನು, ಮನಿ ನಿಂದು, ನೀನಽ ನೋಡ್ಕೋ ಅಂದ. ಮೆಲ್ಲಗೆ ಅಂದ. ನೋಡಿಕೊಳ್ಳದಿದ್ದರೆ ನಾವು ನೋಡಿಕೊಳ್ಳುತ್ತೇವೆ ಎಂಬುದು ಅವನ ಹಿಂದೆ ನಿಂತವರ ಕೈಯಲ್ಲಿತ್ತು. ಒಬ್ಬನ ಕೈಯಲ್ಲಿ ಕೊಡಲಿ ಇತ್ತು.

ಒಲೆಗೆಂದು ಒಟ್ಟಿದ್ದ ಜಾಲಿ ಕಟ್ಟಿಗೆಯಲ್ಲಿ ಒಂದನ್ನು ಅಣ್ಣ ಎಳೆದುಕೊಂಡ. ಸುಮ್ಮನೆ ಎತ್ತಿ ಹೆದರಿಸುತ್ತಾನೆ ಎಂದುಕೊಂಡೆ. ಅವ್ವನೂ ಹಾಗೇ ಅಂದುಕೊಂಡಿರಬೇಕು, ಸರಿಯಲಿಲ್ಲ. ಮೊದಲ ಏಟು ಬಲಗೈ ಮುಂಗೈಗೆ ಬಿತ್ತು. ಒಣ ತೊಗರಿ ಕಟ್ಟಿಗೆ ಮುರಿದಂಥ ಸದ್ದು. ಅವ್ವ ಆ ಕೈಯನ್ನು ಎಡಗೈಯಿಂದ ಹಿಡಿದುಕೊಂಡು ಒರಳಿನ ಪಕ್ಕ ಕುಸಿದಳು. ಅಣ್ಣ ಎರಡನೆಯ ಏಟನ್ನೂ ಅಲ್ಲಿಗೇ ಹಾಕಿದ. ಯಾಕೆ ಎರಡು ಎಂದು ನಾನು ಅವನನ್ನು ಇವತ್ತಿನವರೆಗೂ ಕೇಳಿಲ್ಲ. ಒಂದರಿಂದ ಅವರಿಗೆ ತೃಪ್ತಿಯಾಗುತ್ತಿರಲಿಲ್ಲ ಎಂದು ಅವನು ಹೇಳಬಹುದು, ಅದು ನಿಜವೂ ಇರಬಹುದು. ಅವನ ಮುಖ ನಾನು ನೋಡಿದ್ದೇನೆ. ಎರಡನೆಯದರಲ್ಲಿ ಸಿಟ್ಟು ಇತ್ತು.

ಅವರು ಹೋದರು. ಹಲಗೆ ಮತ್ತೆ ಶುರುವಾದದ್ದು ಓಣಿಯ ತುದಿಗೆ ಹೋದ ಮೇಲೆ.

ದೇವದುರ್ಗದ ದವಾಖಾನೆಯಲ್ಲಿ ಕೈಗೆ ಪಟ್ಟಿ ಕಟ್ಟಿ ರಾಯಚೂರಿಗೆ ಒಯ್ಯಿರಿ ಎಂದರು. ಮುಂದಿನ ಗಾಜಿಲ್ಲದ ಆಟೋವನ್ನು ಅಣ್ಣನೇ ಓಡಿಸಿದ. ದಾರಿಯುದ್ದಕ್ಕೂ ಗಾಳಿಯ ಜೊತೆ ಧೂಳು ಮುಖಕ್ಕೆ ಬಡಿಯುತ್ತಿತ್ತು. ಒಂದು ಕಣ್ಣು ತೆರೆದುಕೊಂಡು ಓಡಿಸುತ್ತಿದ್ದ. ಅವ್ವ ನನ್ನ ತೊಡೆಯ ಮೇಲೆ ತಲೆ ಇಟ್ಟಿದ್ದಳು. ತಗ್ಗು ಬಂದಾಗಲೆಲ್ಲ ಹಲ್ಲು ಕಚ್ಚುತ್ತಿದ್ದಳು, ಅದು ಗೊತ್ತಾಗಿ ಅಣ್ಣ ತಗ್ಗು ಬಂದಲ್ಲೆಲ್ಲ ವೇಗ ತಗ್ಗಿಸುತ್ತಿದ್ದ.

ರಾಯಚೂರಿನಲ್ಲಿ ಡಾಕ್ಟರು ಏನಾಯಿತು ಎಂದು ಕೇಳಿದಾಗ ನಾನು ಮುಂದೆ ಬಂದು, ಅಂಗಳದಲ್ಲಿ ಜಾರಿ ಬಿದ್ದಾಳ್ರೀ ಅಂದೆ. ಅಣ್ಣನಿಗೆ ಹೆಂಡತಿ ಮಕ್ಕಳಿದ್ದಾರೆ. ನಾವು ಅದೇ ಓಣಿಯಲ್ಲಿ ಬಾಳಬೇಕು. ಆ ಕ್ಷಣದಲ್ಲಿ ನನಗೆ ಹೊಳೆದದ್ದು ಇಷ್ಟೇ. ಡಾಕ್ಟರು ನನ್ನ ಒಡೆದ ತುಟಿ ನೋಡಿ, ನೀವೂ ಜಾರಿ ಬಿದ್ದಿರೇನು ಎಂದು ಕೇಳಿದರು.

"ಬಿದ್ದಿಲ್ಲರೀ," ಅಂದಳು ಅವ್ವ ಮಂಚದ ಮೇಲಿನಿಂದ.

ಕೈಗೆ ಸಿಮೆಂಟಿನ ಪಟ್ಟಿ ಹಾಕಿದ ಮೇಲೆ ಪೊಲೀಸಿನವನು ಹೇಳಿಕೆ ಬರೆದುಕೊಳ್ಳಲು ಬಂದ. ವಯಸ್ಸಾದವನು, ಅವಸರವಿರಲಿಲ್ಲ. ಹೊಡೆದವರು ಯಾರು ಎಂದು ಕೇಳಿದ. ನಾನು ಅವಳ ಕಾಲು ಮೆಲ್ಲಗೆ ಒತ್ತಿದೆ. ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು.

"ಹೊಡದಾವ ನನ್ನ ಹಿರಿ ಮಗ. ಹೊಡಿಸಿದಾವ ನಮ್ಮ ಓಣಿ ಹಿರ್ಯಾ. ಇಬ್ಬರದೂ ಬರೀರಿ."

ಹಿರಿ ಮಗ ಎಲ್ಲಿದ್ದಾನೆ ಎಂದು ಅವನು ಕೇಳಿದ. ಅವ್ವ ಗದ್ದ ಎತ್ತಿ ಬಾಗಿಲು ತೋರಿಸಿದಳು. ಅಣ್ಣ ಚೌಕಟ್ಟಿಗೆ ಆತು ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. ಓಡಲಿಲ್ಲ. ಪೊಲೀಸಿನವನು ಪೆನ್ನು ನಿಲ್ಲಿಸಿ, ಇವನಽ ಕರಕೊಂಡು ಬಂದಾನಲ್ಲಬೇ, ವಿಚಾರ ಮಾಡು, ಮಗನ ಮ್ಯಾಲ ಕೇಸು ಆಗ್ತದ ಎಂದ. ಆತ ಒಳ್ಳೆಯದಕ್ಕೇ ಹೇಳಿದ್ದು. ಅವ್ವ ವಿಚಾರ ಮಾಡಿದಳು. ಅಣ್ಣನನ್ನು ಬಹಳ ಹೊತ್ತು ನೋಡಿದಳು. ಅವನ ಹುಬ್ಬಿನ ಗಾಯಕ್ಕೆ ಇನ್ನೂ ಯಾರೂ ಹೊಲಿಗೆ ಹಾಕಿರಲಿಲ್ಲ. ಅವನಿಗೂ ಹೊಲಿಗಿ ಹಾಕ್ರಿ ಎಂದು ನರ್ಸಿಗೆ ಹೇಳಿದಳು. ಆಮೇಲೆ ಪೊಲೀಸಿನವನಿಗೆ, ನೀವು ಬರೀರಿ ಅಂದಳು.

ಬರೆದು ಮುಗಿಸಿ ಅವನು ಓದಿ ಹೇಳಿದ. ಮಸಿಯ ಪ್ಯಾಡ್ ಬಿಚ್ಚಿ, ಪಟ್ಟಿ ಇಲ್ಲದ ಎಡಗೈಯ ಹೆಬ್ಬೆರಳು ಹಿಡಿಯಲು ಬಂದ.

"ಪ್ಯಾಡ್ ಆ ಕಡಿ ಇಡ್ರಿ," ಅಂದಳು ಅವ್ವ.

ಸಂಚಿ ಅವಳ ಸೊಂಟದಲ್ಲೇ ಇತ್ತು. ನಾನು ಬಿಚ್ಚಿ ಪೆನ್ನು ತೆಗೆದು ಎಡಗೈಗೆ ಕೊಟ್ಟೆ. ಆ ಕೈಗೆ ಅಕ್ಷರ ಬರುವುದಿಲ್ಲ. ಕಾಗದ ಜಾರುತ್ತಿತ್ತು. ಅಣ್ಣ ಬಾಗಿಲಿನಿಂದ ಬಂದು ಮಂಚದ ಆ ಕಡೆ ನಿಂತು ಕಾಗದದ ಅಂಚು ಒತ್ತಿ ಹಿಡಿದ. ಅವ್ವ ಬರೆಯುವ ಮೊದಲು ಪೆನ್ನು ಎತ್ತಿ ನನ್ನ ಮುಖ ನೋಡಿದಳು.

"ಇದರ ಮ್ಯಾಲ ಮಾಡಬಹುದಿಲ್ಲೋ?"

"ಮಾಡಬೇಕಬೇ," ಅಂದೆ. "ಇದಕ್ಕ ಮಾಡಬೇಕು."

ಮೊದಲ ಅಕ್ಷರ ಮೂಡಿತು. ಎರಡನೆಯದರ ಕೊಂಬಿಗೆ ಅವಳ ಕೈ ನಿಂತಿತು. ನಾವು ಕಾಯ್ದೆವು.